ಜಾರ್ಜ್ ಮುಲ್ಲರ್

ಜಾರ್ಜ್ ಮುಲ್ಲರ್ 1805ರಲ್ಲಿ ಪ್ರಷ್ಯಾ ದೇಶದಲ್ಲಿ ಜನಿಸಿದನು. ತೆರಿಗೆ ಅಧಿಕಾರಿಯಾಗಿದ್ದ ತಂದೆಯ ವಶದಲ್ಲಿದ್ದ ಸರ್ಕಾರದ ಹಣವನ್ನು ಬಾಲ್ಯದಲ್ಲಿಯೇ ಕದಿಯುತ್ತಿದ್ದ ಈತನು, ಹದಿನಾರನೆಯ ವಯಸ್ಸಿನಲ್ಲಿ ವಸತಿಗೃಹದ ಬಾಕಿ ತೀರಿಸಲಾರದೆ ಸೆರೆಮನೆಯನ್ನೂ ಕಂಡನು. ಹಾಲೆ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಓದತೊಡಗಿದುದೂ ಭಕ್ತಿಯಿಂದಲ್ಲ, ಸುಖಜೀವನದ ಆಸೆಯಿಂದ. ಅಲ್ಲಿ 1825ರಲ್ಲಿ ಗೆಳೆಯನೊಡನೆ ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋದನು. ಮೊಣಕಾಲೂರಿ ಪ್ರಾರ್ಥಿಸುವವರನ್ನು ಆತನು ನೋಡಿದುದು ಅದೇ ಮೊದಲು. ಅಂದಿನಿಂದ ಆತನ ನಡತೆಯು ಮೆಲ್ಲಮೆಲ್ಲನೆ ತಿದ್ದಿಕೊಂಡಿತು.

1829ರಲ್ಲಿ ಇಂಗ್ಲೆಂಡಿಗೆ ಬಂದು ಬೋಧಕನಾದ ಮುಲ್ಲರನು ಮರುವರ್ಷವೇ ನಿಯತ ಸಂಬಳವನ್ನು ತ್ಯಜಿಸಿದನು. 1836ರಲ್ಲಿ ಬ್ರಿಸ್ಟಲ್ ನಗರದ ಬಾಡಿಗೆಮನೆಯೊಂದರಲ್ಲಿ ಅನಾಥಾಲಯವನ್ನು ತೆರೆದನು. ಯಾರಲ್ಲಿಯೂ ಬೇಡಬಾರದು, ಸಾಲ ಮಾಡಬಾರದು, ಕೊರತೆಯನ್ನು ದೇವರಲ್ಲಿ ಮಾತ್ರ ನಿವೇದಿಸಬೇಕು ಎಂಬುದು ಆತನ ನಿಯಮ. ಮಕ್ಕಳ ಊಟದ ಹೊತ್ತು ಸಮೀಪಿಸಿದರೂ ಕೈಯಲ್ಲಿ ಕಾಸಿಲ್ಲದ ದಿನಗಳುಂಟು. 1841ರ ಕೊನೆಯಲ್ಲಿ ಹಣ ತೀರ ಕಡಿಮೆಯಾದಾಗ ವಾರ್ಷಿಕ ವರದಿಯನ್ನೇ ಮುಂದೂಡಿದನು. ಅದನ್ನು ಓದಿದವರಿಗೆ ಬೇಡಿಕೆಯಂತೆ ತೋರೀತೆಂಬ ಅಳುಕು! ಇಷ್ಟು ಕಟ್ಟುನಿಟ್ಟು ಬೇಕಿತ್ತೇ ಎಂದು ನಮಗೆ ಅನ್ನಿಸಬಹುದು. ಆದರೆ ತಂದೆಯ ಪೆಟ್ಟಿಗೆಗೆ ಕೈಯಿಕ್ಕಿದ್ದವನು ಈಗ ಅತ್ಯಲ್ಪ ಕಾಣಿಕೆಗೂ ಲೆಕ್ಕವಿಡುತ್ತಿದ್ದನು.

1870ರ ವೇಳೆಗೆ ಆಶ್ಲಿ ಡೌನ್ ದಿಬ್ಬದ ಮೇಲೆ ಐದು ದೊಡ್ಡ ಕಟ್ಟಡಗಳು ಎದ್ದುನಿಂತವು. ಆತನ ಕಾಲದಲ್ಲಿ ಸುಮಾರು 10,000 ಮಕ್ಕಳು ಅಲ್ಲಿ ಆಶ್ರಯ ಪಡೆದರು. 1898ರ ಮಾರ್ಚ್ 9ರ ಸಂಜೆ ಮುಲ್ಲರನು ಎಂದಿನಂತೆ ಪ್ರಾರ್ಥನೆಯನ್ನು ನಡೆಸಿಕೊಟ್ಟನು. ಮರುದಿನ ಬೆಳಗ್ಗೆ ತನ್ನ ಕೊಠಡಿಯಲ್ಲಿ ತೀರಿಕೊಂಡನು.