ಚಿನ್ನದ ಸೀಮೆಯಿಂದ ನಕ್ಷತ್ರಗಳ ಲೆಕ್ಕಕ್ಕೆ: ಜಾನ್ ವಾರನ್

ಕೋಲಾರದ ಚಿನ್ನದ ಮಾತು ಬಂದಾಗ ಲೆಫ್ಟಿನೆಂಟ್ ಜಾನ್ ವಾರನ್ನನ ಹೆಸರನ್ನು ನೀವು ಕೇಳಿರಬಹುದು. ಆದರೆ ಆತನ ಇನ್ನೊಂದು ಕೆಲಸ ನಮ್ಮ ನಮಾಝಿನ ವೇಳೆಗೂ ಸಂಬಂಧಿಸಿದ್ದೆಂದು ಹೆಚ್ಚಿನವರಿಗೆ ತಿಳಿಯದು.

ವಾರನ್ 1769ರಲ್ಲಿ ಇಟಲಿಯ ಲಿವೋರ್ನೋದಲ್ಲಿ ಜನಿಸಿದ. ಫ್ರೆಂಚ್ ಮನೆತನದವನಾದರೂ ಬ್ರಿಟಿಷ್ ಸೈನ್ಯ ಸೇರಿ, 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ವಿರುದ್ಧ ಹೋರಾಡಿದ. ಬಳಿಕ ಮೈಸೂರಿನ ಪೂರ್ವ ಗಡಿಯನ್ನು ಅಳೆಯಲು, ಹೈದರಾಲಿಯವರ ಹುಟ್ಟೂರು ಬೂದಿಕೋಟೆಯಿರುವ ಸೀಮೆಗೇ ಬಂದ. 1802ರಲ್ಲಿ ಊರಿಗಾಂ, ಮಾರಿಕುಪ್ಪಂಗಳ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದ.

1805ರಿಂದ 1811ರವರೆಗೆ ಆತ ಮದರಾಸಿನ ಖಗೋಳ ವೀಕ್ಷಣಾಲಯವನ್ನು ನೋಡಿಕೊಂಡ. 1807ರ ದೊಡ್ಡ ಧೂಮಕೇತುವನ್ನು ರಾತ್ರಿ ರಾತ್ರಿ ಗಮನಿಸಿ, ಅದು ಆಕಾಶದಲ್ಲಿ ಎಲ್ಲಿದೆಯೆಂದು ಗುರುತಿಸಿದ. ಭೂಮಿಯ ಊರಿಗೆ ಅಕ್ಷಾಂಶ, ರೇಖಾಂಶಗಳಿರುವಂತೆ ಆಕಾಶದ ಪ್ರತಿ ನಕ್ಷತ್ರಕ್ಕೂ ಎರಡು ಅಂಕಿಗಳ ವಿಳಾಸವಿದೆ. ಆ ವಿಳಾಸ ಗೊತ್ತಿದ್ದರೆ ನಾವು ನಿಂತ ನೆಲದ ವಿಳಾಸವೂ ಸಿಗುತ್ತದೆ.

ನೀವೇ ನೋಡಿರಿ. ರಾತ್ರಿ ಕುರುಡುಮಲೆಯಲ್ಲಿ ಉತ್ತರಕ್ಕೆ ಮುಖಮಾಡಿ ಕೈ ನೀಡಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರವು ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ, ಸುಮಾರು 13 ಡಿಗ್ರಿ ಎತ್ತರದಲ್ಲಿರುತ್ತದೆ. ಅದೇ ಆ ಊರಿನ ಅಕ್ಷಾಂಶ.

ರೇಖಾಂಶಕ್ಕೆ ಗಡಿಯಾರ ಬೇಕು. ಒಂದು ಡಿಗ್ರಿ ಪಶ್ಚಿಮಕ್ಕೆ ಸರಿದರೆ ಸೂರ್ಯ ನಾಲ್ಕು ನಿಮಿಷ ತಡವಾಗಿ ಮುಳುಗುತ್ತಾನೆ. 1807ರಲ್ಲಿ ವಾರನ್ ಮದರಾಸು ವೀಕ್ಷಣಾಲಯದ ರೇಖಾಂಶವನ್ನು 80 ಡಿಗ್ರಿ 17 ಮಿನಿಟು 21 ಸೆಕೆಂಡೆಂದು ಲೆಕ್ಕ ಹಾಕಿದ. ಇಂದಿನ ಅಳತೆಗೂ ಅದಕ್ಕೂ ಇರುವ ಅಂತರ ಗಡಿಯಾರದ ಲೆಕ್ಕದಲ್ಲಿ ಸುಮಾರು ಹತ್ತು ಸೆಕೆಂಡು ಮಾತ್ರ!

ಕುರುಡುಮಲೆ ಆ ನಗರಕ್ಕಿಂತ ಸುಮಾರು ಎರಡು ಡಿಗ್ರಿ ಪಶ್ಚಿಮಕ್ಕಿದೆ. ಚೆನ್ನೈಯ ವೇಳಾಪಟ್ಟಿ ನೋಡಿ ಇಲ್ಲಿ ಇಫ್ತಾರ್ ಮಾಡಿದರೆ ಸೂರ್ಯ ಮುಳುಗಲು ಇನ್ನೂ ಏಳೆಂಟು ನಿಮಿಷ ಉಳಿದಿರುತ್ತದೆ. ದಿನವಿಡೀ ಹಸಿದು ಹಿಡಿದ ಉಪವಾಸದ ಗತಿ ಏನಾಗಬೇಕು? ಕಿಬ್ಲಾದ ವಿಷಯವೂ ಹಾಗೆಯೇ. ಇಲ್ಲಿಂದ ಅದು ನೇರ ಪಶ್ಚಿಮವಲ್ಲ, ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ.

1825ರಲ್ಲಿ ವಾರನ್ 'ಕಾಲಸಂಕಲಿತ' ಎಂಬ ಗ್ರಂಥ ಪ್ರಕಟಿಸಿದ. ಅದರಲ್ಲಿ ತಮಿಳು, ತೆಲುಗು ವರ್ಷಗಳೊಂದಿಗೆ ನಮ್ಮ ಹಿಜರಿ ವರ್ಷದ ಕೋಷ್ಟಕವೂ ಇದೆ. ಆತ 1830ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡ.

ಸುಲ್ತಾನರ ವಿರುದ್ಧ ನಿಂತವನೇ ನಮ್ಮ ಪಂಚಾಂಗವನ್ನು ಶ್ರದ್ಧೆಯಿಂದ ಕಲಿತ. ನಾವು ಕಲಿತಿದ್ದೇವೆಯೇ? ಈ ರಮಝಾನಿನಲ್ಲಿ ನಿಮ್ಮ ಮನೆಯ ಗೋಡೆಯ ವೇಳಾಪಟ್ಟಿ ಯಾವ ಊರಿನದೆಂದು ಒಮ್ಮೆ ನೋಡಿರಿ. ಮಕ್ಕಳಿಗೂ ತೋರಿಸಿರಿ.