ತೂತಿರುವ ಒಂದು ಹಿತ್ತಾಳೆ ತುಂಡು: ಬಿಯಾಟ್ರಿಸ್ ಶಿಲ್ಲಿಂಗ್ ಕತೆ

ಎಟಿವಿ ಓಡಿಸಿದವರಿಗೆ ಇದು ಗೊತ್ತಿರುತ್ತೆ. ದಿಬ್ಬ ಹಾರಿ ಗಾಡಿ ಗಾಳಿಯಲ್ಲಿರುವಾಗ ಎಂಜಿನ್ ಒಮ್ಮೆ ಕೆಮ್ಮುತ್ತೆ. ಕೆಲವೊಮ್ಮೆ ನೆಲಕ್ಕೆ ಬಿದ್ದ ಮೇಲೆ ಕಪ್ಪು ಹೊಗೆ ಬಿಟ್ಟು ನಿಂತೇ ಹೋಗುತ್ತೆ. ತಕ್ಷಣ ನಮ್ಮ ಕೈ ಸ್ಕ್ರೂಡ್ರೈವರ್ ಕಡೆ ಹೋಗುತ್ತೆ. ಮಿಕ್ಸ್ಚರ್ ಸ್ಕ್ರೂ ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ. ಅದೂ ಆಗಲಿಲ್ಲ ಅಂದ್ರೆ ಜೆಟ್ ಬದಲಾಯಿಸೋದು. ಸಮತಟ್ಟು ನೆಲದಲ್ಲಿ ಚೆನ್ನಾಗಿಯೇ ಓಡುವ ಎಂಜಿನ್‌ಗೆ ಹಾರಿದಾಗ ಮಾತ್ರ ಯಾಕೆ ಹೀಗಾಗುತ್ತೆ ಅಂತ ಯೋಚಿಸೋದು ಕೊನೆಗೆ.

1940ರಲ್ಲಿ ಇದೇ ಪ್ರಶ್ನೆ ಬ್ರಿಟನ್ನಿನ ಯುದ್ಧವಿಮಾನಗಳ ಮುಂದೆ ನಿಂತಿತ್ತು. ಅಲ್ಲಿ ಎಂಜಿನ್ ಕೆಮ್ಮಿದರೆ ಪೈಲಟ್‌ನ ಜೀವವೇ ಹೋಗಬಹುದಿತ್ತು. ಅದಕ್ಕೆ ಉತ್ತರ ಹುಡುಕಿದವರು ಬಿಯಾಟ್ರಿಸ್ ಶಿಲ್ಲಿಂಗ್.

ಬಿಯಾಟ್ರಿಸ್ ಹುಟ್ಟಿದ್ದು 1909ರ ಮಾರ್ಚ್ 8ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ವಾಟರ್‌ಲೂವಿಲ್ ಎಂಬ ಊರಲ್ಲಿ. ಅಪ್ಪನದು ಮಾಂಸದ ವ್ಯಾಪಾರ. ಚಿಕ್ಕಂದಿನಲ್ಲಿ ಅವರಿಗೆ ಮೆಕ್ಕಾನೋ ಸೆಟ್ಟಿನ ಹುಚ್ಚು. 14ನೇ ವಯಸ್ಸಿಗೇ ಒಂದು ಮೋಟಾರ್ ಬೈಕ್ ಕೊಂಡು, ಅದನ್ನ ಬಿಚ್ಚಿ ಜೋಡಿಸುತ್ತಾ ಎಂಜಿನಿಯರ್ ಆಗಬೇಕು ಅಂತ ತೀರ್ಮಾನಿಸಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅದು ಸುಲಭದ ದಾರಿಯಲ್ಲ. ಶಾಲೆ ಮುಗಿದ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ ಬಳಿ ಅಪ್ರೆಂಟಿಸ್ ಆಗಿ ಸೇರಿ, ವೈರಿಂಗ್ ಮಾಡುತ್ತಾ, ಜನರೇಟರ್ ಕೂರಿಸುತ್ತಾ ಕೈಕೆಲಸ ಕಲಿತರು. ಮುಂದೆ ಓದು ಅಂತ ಬೆನ್ನು ತಟ್ಟಿದವರೂ ಪಾರ್ಟ್ರಿಜ್ ಅವರೇ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1932ರಲ್ಲಿ ಎಲೆಕ್ಟ್ರಿಕಲ್ ಡಿಗ್ರಿ, ಮರುವರ್ಷವೇ ಮೆಕ್ಯಾನಿಕಲ್‌ನಲ್ಲಿ ಸ್ನಾತಕೋತ್ತರ ಪದವಿ.

ಓದಿನ ಜೊತೆಗೆ ರೇಸ್ ಬೇರೆ. ಅವರ ಹತ್ತಿರ 500 ಸಿಸಿ ನಾರ್ಟನ್ ಬೈಕ್ ಇತ್ತು. ಅದನ್ನ ಟ್ಯೂನ್ ಮಾಡೋದೂ ಅವರೇ, ಓಡಿಸೋದೂ ಅವರೇ. ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕ್‌ನಲ್ಲಿ ರೇಸ್ ನಡೆಯುವಾಗ ಗಂಟೆಗೆ 100 ಮೈಲಿಗಿಂತ ಹೆಚ್ಚು ವೇಗದಲ್ಲಿ ಒಂದು ಸುತ್ತು ಮುಗಿಸಿದವರಿಗೆ ಚಿನ್ನದ ನಕ್ಷತ್ರ ಕೊಡುತ್ತಿದ್ದರು. 1934ರಲ್ಲಿ ಬಿಯಾಟ್ರಿಸ್ 106 ಮೈಲಿ ವೇಗ ಮುಟ್ಟಿ ಅದನ್ನ ಗೆದ್ದರು. ನಮ್ಮ ಲೆಕ್ಕದಲ್ಲಿ ಸುಮಾರು 170 ಕಿಲೋಮೀಟರ್. 1936ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್, ಅಂದ್ರೆ ಆರ್‌ಎಇ ಸೇರಿದರು. 1938ರಲ್ಲಿ ಅಲ್ಲೇ ಕೆಲಸಕ್ಕಿದ್ದ ಜಾರ್ಜ್ ನೇಲರ್ ಜೊತೆ ಮದುವೆ. ಅವನೂ ಆ ಚಿನ್ನದ ನಕ್ಷತ್ರ ಗೆಲ್ಲೋವರೆಗೆ ಮದುವೆಗೆ ಒಪ್ಪಲಿಲ್ಲ ಅಂತ ಒಂದು ಕತೆ ಇದೆ. ನಿಜವೋ ಸುಳ್ಳೋ, ಅವರ ಸ್ವಭಾವಕ್ಕಂತೂ ಒಪ್ಪುತ್ತೆ.

ಈಗ ಯುದ್ಧಕ್ಕೆ ಬರೋಣ. ಬ್ರಿಟನ್ನಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿ ಇದ್ದದ್ದು ರೋಲ್ಸ್ ರಾಯ್ಸ್ ಮರ್ಲಿನ್. 12 ಸಿಲಿಂಡರ್, 27 ಲೀಟರ್‌ನ ಎಂಜಿನ್. ಆದರೆ ಇಂಧನ ಕೊಡುತ್ತಿದ್ದದ್ದು ಫ್ಲೋಟ್ ಇರುವ ಕಾರ್ಬ್ಯುರೇಟರ್. ಜರ್ಮನರ ಮೆಸರ್‌ಶ್ಮಿಟ್ 109ರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇತ್ತು. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಳ್ಳಬೇಕು ಅಂದ್ರೆ ಜರ್ಮನ್ ಪೈಲಟ್ ಮೂತಿಯನ್ನ ಸೀದಾ ಕೆಳಕ್ಕೆ ಒತ್ತಿ ಧುಮುಕುತ್ತಿದ್ದ. ಬ್ರಿಟಿಷ್ ಪೈಲಟ್ ಹಾಗೇ ಹಿಂಬಾಲಿಸಿದರೆ ಎಂಜಿನ್ ಸೊರಗುತ್ತಿತ್ತು. ಅದಕ್ಕೇ ಅವನು ಮೊದಲು ವಿಮಾನವನ್ನ ಮಗುಚಿ ಹಾಕಿ ಆಮೇಲೆ ಧುಮುಕಬೇಕಿತ್ತು. ಅಷ್ಟರಲ್ಲಿ ಶತ್ರು ದೂರ ಹೋಗಿರುತ್ತಿದ್ದ.

ಒಳಗೆ ಆಗುತ್ತಿದ್ದದ್ದು ಎರಡು ಹಂತದ ತೊಂದರೆ. ಮೂತಿ ಥಟ್ಟನೆ ಕೆಳಗಾದಾಗ ನೆಗೆಟಿವ್ ಜಿ ಉಂಟಾಗಿ, ಫ್ಲೋಟ್ ಚೇಂಬರಿನ ಪೆಟ್ರೋಲ್ ಮೇಲಕ್ಕೆ ಚಿಮ್ಮುತ್ತೆ. ಕೆಳಗಿರುವ ಜೆಟ್‌ಗೆ ಪೆಟ್ರೋಲ್ ಸಿಗದೆ ಎಂಜಿನ್ ಒಂದು ಕ್ಷಣ ಕೆಮ್ಮುತ್ತೆ. ಇದು ಲೀನ್. ನಿಜವಾದ ಅಪಾಯ ಇದರ ಹಿಂದೆ ಬರುತ್ತೆ. ಪೆಟ್ರೋಲ್ ಮೇಲಕ್ಕೆ ಹೋದಾಗ ಫ್ಲೋಟ್ ತಳಕ್ಕೆ ಇಳಿಯುತ್ತೆ. ಚೇಂಬರ್ ಖಾಲಿಯಾದಂತೆ ನೀಡಲ್ ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತೆ. ಪಂಪ್ ತನ್ನ ಶಕ್ತಿಯಿದ್ದಷ್ಟೂ ಪೆಟ್ರೋಲ್ ನೂಕುತ್ತೆ. ಎಂಜಿನ್ ಅದರಲ್ಲಿ ಮುಳುಗಿ, ಕಪ್ಪು ಹೊಗೆ ಬಂದು ಶಕ್ತಿ ಹೋಗುತ್ತೆ. ಇದು ರಿಚ್. ಹಸಿವಾಗಿ ಕೆಮ್ಮಿದ ಎಂಜಿನ್‌ಗೆ ಮರುಕ್ಷಣವೇ ಅಜೀರ್ಣ.

ಎಲ್ಲ ವಿಮಾನಕ್ಕೂ ಹೊಸ ಕಾರ್ಬ್ಯುರೇಟರ್ ಮಾಡಿ ಹಾಕಲು ಸಮಯವಿರಲಿಲ್ಲ. ಬಿಯಾಟ್ರಿಸ್ ಬೇರೆ ಕಡೆಯಿಂದ ಯೋಚಿಸಿದರು. ವಾಲ್ವ್ ತೆರೆದುಕೊಳ್ಳೋದನ್ನ ತಡೆಯೋಕೆ ಆಗದಿದ್ದರೆ ಬೇಡ. ತೆರೆದಾಗ ಎಷ್ಟು ಪೆಟ್ರೋಲ್ ಬರಬೇಕು ಅನ್ನೋದನ್ನಾದರೂ ನಾವು ಗೊತ್ತುಮಾಡಬಹುದಲ್ಲ? ಪೂರ್ತಿ ಶಕ್ತಿಯಲ್ಲಿ ಓಡುವಾಗ ಎಂಜಿನ್‌ಗೆ ಬೇಕಾಗುವ ಪೆಟ್ರೋಲ್ ಎಷ್ಟೋ, ಹೆಚ್ಚುಕಡಿಮೆ ಅಷ್ಟನ್ನೇ ಬಿಡುವ ತೂತಿನ ಪುಟ್ಟ ಹಿತ್ತಾಳೆ ತುಂಡನ್ನ ಇಂಧನದ ದಾರಿಯಲ್ಲಿ ಕೂರಿಸಿದರು. ಮೊದಲು ಅದು ಹೊಲಿಗೆಯ ಬೆರಳುಟೋಪಿಯ ಆಕಾರದಲ್ಲಿತ್ತು. ಆಮೇಲೆ ಬರೀ ಒಂದು ವಾಷರ್. ತೂತು ಚಿಕ್ಕದಾದರೆ ಏರುವಾಗ ಶಕ್ತಿ ಸಾಲದು, ದೊಡ್ಡದಾದರೆ ಮತ್ತೆ ಮುಳುಗುತ್ತೆ. ಕೆಲಸವೆಲ್ಲ ಇದ್ದದ್ದು ಆ ಅಳತೆಯಲ್ಲೇ.

ಇದನ್ನ ಹಾಕಲು ವಿಮಾನವನ್ನ ಸೇವೆಯಿಂದ ತೆಗೆಯಬೇಕಾಗಿರಲಿಲ್ಲ. 1941ರ ಆರಂಭದಲ್ಲಿ ಬಿಯಾಟ್ರಿಸ್ ಒಂದು ಚಿಕ್ಕ ತಂಡ ಕಟ್ಟಿಕೊಂಡು ವಾಯುನೆಲೆಯಿಂದ ವಾಯುನೆಲೆಗೆ ಹೋದರು. ತಾವು ಓಡಾಡಿದ್ದು ಅದೇ ಹಳೇ ನಾರ್ಟನ್ ಮೇಲೆ. ಮಾರ್ಚ್ ಹೊತ್ತಿಗೆ ಫೈಟರ್ ಕಮಾಂಡಿನ ವಿಮಾನಗಳಿಗೆ ತುಂಡು ಬಿದ್ದಿತ್ತು.

ಇಲ್ಲಿ ಒಂದು ವಿಷಯ ಬಿಡಬಾರದು. ಇದು ಪೂರ್ತಿ ಪರಿಹಾರ ಆಗಿರಲಿಲ್ಲ. ಮೊದಲ ಕ್ಷಣದ ಕೆಮ್ಮು ಹಾಗೇ ಉಳಿಯಿತು, ತಲೆಕೆಳಗಾಗಿ ಹಾರುತ್ತಲೇ ಇರೋದಕ್ಕೂ ಆಗುತ್ತಿರಲಿಲ್ಲ. ಅದಕ್ಕೆ ಮುಂದೆ ಪ್ರೆಷರ್ ಕಾರ್ಬ್ಯುರೇಟರ್‌ಗಳು ಬರಬೇಕಾಯಿತು. ಆದರೆ ಅವು ಬರೋವರೆಗೆ ಪೈಲಟ್‌ಗಳು ಕಾಯುವ ಹಾಗಿರಲಿಲ್ಲ. ಕೊಲ್ಲುವ ತೊಂದರೆ ಯಾವುದು, ಕಾಡುವ ತೊಂದರೆ ಯಾವುದು ಅಂತ ಬೇರೆ ಮಾಡಿ, ಕೊಲ್ಲುವುದನ್ನ ಮೊದಲು ನಿಲ್ಲಿಸಿದ್ದು ಅವರ ದೊಡ್ಡತನ.

ಸೈನಿಕರು ಆ ತುಂಡಿಗೆ ಮಿಸ್ ಶಿಲ್ಲಿಂಗ್ಸ್ ಆರಿಫಿಸ್ ಅಂತ ಸ್ವಲ್ಪ ಪೋಲಿಯಾಗಿಯೇ ಹೆಸರಿಟ್ಟರು. ಅಷ್ಟರಲ್ಲಿ ಅವರಿಗೆ ಮದುವೆಯಾಗಿ ಮೂರು ವರ್ಷ ಕಳೆಯುತ್ತಾ ಬಂದಿತ್ತು! ಗಂಡಸಾಗಿದ್ದರೆ ಈ ತಮಾಷೆ ಹುಟ್ಟುತ್ತಿತ್ತಾ ಅಂತ ಯೋಚಿಸಬೇಕಾದ್ದೇ. ಆದರೂ ಆ ಹೆಸರಿನಿಂದಲೇ ಜನ ಇವತ್ತಿಗೂ ಅವರನ್ನ ನೆನಪಿಟ್ಟಿದ್ದಾರೆ.

ಯುದ್ಧದ ನಂತರ ಅವರಿಗೆ ಒಬಿಇ ಗೌರವ ಸಿಕ್ಕಿತು. ಬ್ಲೂ ಸ್ಟ್ರೀಕ್ ಕ್ಷಿಪಣಿ, ಒದ್ದೆಯಾದ ರನ್‌ವೇ ಮೇಲೆ ವಿಮಾನದ ಬ್ರೇಕಿಂಗ್ ಹೀಗೆ ಬೇರೆಬೇರೆ ಕೆಲಸ ಮಾಡಿ 1969ರಲ್ಲಿ ನಿವೃತ್ತರಾದರು. ಬೈಕ್ ಬಿಟ್ಟ ಮೇಲೆ ಗಂಡನ ಜೊತೆ ಸೇರಿ ಕಾರ್ ರೇಸ್ ಹಿಡಿದರು. ತೀರಿಕೊಂಡದ್ದು 1990ರ ನವೆಂಬರ್‌ನಲ್ಲಿ, 81ನೇ ವಯಸ್ಸಿಗೆ.

ಮುಂದಿನ ಸಲ ಎಟಿವಿ ದಿಬ್ಬದ ಮೇಲೆ ಕೆಮ್ಮಿದರೆ ಮೊದಲು ಸ್ಕ್ರೂಡ್ರೈವರ್ ಕೆಳಗಿಡೋಣ. ಕೆಮ್ಮಿದ್ದು ಗಾಳಿಯಲ್ಲೋ, ನೆಲಕ್ಕೆ ಬಿದ್ದ ಮೇಲೋ? ಹೊಗೆ ಬಂತೋ, ಇಲ್ವೋ? ಫ್ಲೋಟ್ ಎತ್ತರ ಸರಿಯಿದೆಯಾ, ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಾ? ಇಷ್ಟು ನೋಡಿದ ಮೇಲೆ ಸ್ಕ್ರೂ ತಿರುಗಿಸೋದು ಇದ್ದೇ ಇದೆ.