ಇನ್ನೂರೈವತ್ತು ರೂಪಾಯಿಯ ತಾತ್ಕಾಲಿಕ ಮೇಷ್ಟ್ರು

ಈ ವರ್ಷ ಪ್ರಥಮ ಪಿಯುಸಿಯ ರಸಾಯನಶಾಸ್ತ್ರ ಪ್ರಾಕ್ಟಿಕಲ್ ತರಗತಿಗಳಿಗೆ ನನ್ನನ್ನು ಅರೆಕಾಲಿಕವಾಗಿ ತೆಗೆದುಕೊಂಡಿದ್ದಾರೆ. ವಾರಕ್ಕೆ ಮೂರು ಮಧ್ಯಾಹ್ನ. ಇದಕ್ಕೆ ಮೊದಲು ಬೇರೊಂದು ಊರಿನ ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಥಿಯರಿಗೆ ಒಳ್ಳೆಯವರು ಬೇಕು, ಲ್ಯಾಬಿಗೆ ಯಾರಾದರೂ ಆದೀತು ಎಂಬ ಮಾತು ಅಲ್ಲಿ ಕಿವಿಗೆ ಬಿತ್ತು. ಮನೆಗೆ ಬಂದ ಮೇಲೂ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಆ ದಿನಗಳಲ್ಲೇ ನಾನು ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಜೀವನವನ್ನು ಓದಿದ್ದು. ವಾರ್ತಾಪತ್ರಕ್ಕೆ ಏನಾದರೂ ಬರೆಯಿರಿ ಎಂದು ವಿದ್ಯಾರ್ಥಿಗಳು ಕೇಳಿದಾಗ ಮೊದಲು ನೆನಪಾದವರೂ ಅವರೇ.

ರಾಯ್ ಹುಟ್ಟಿದ್ದು 1861ರ ಆಗಸ್ಟ್ 2ರಂದು, ಈಗಿನ ಬಾಂಗ್ಲಾದೇಶದ ರಾರೂಲಿ ಎಂಬ ಹಳ್ಳಿಯಲ್ಲಿ. ಬಾಲ್ಯದಲ್ಲಿ ಆಮಶಂಕೆ ಹಿಡಿದು ಶಾಲೆ ಬಿಡಬೇಕಾಯಿತು. ಆ ಬಿಡುವಿನಲ್ಲಿ ಮನೆಯ ಪುಸ್ತಕಗಳನ್ನೆಲ್ಲ ಓದಿದರು. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗೆದ್ದು 1882ರಲ್ಲಿ ಎಡಿನ್‌ಬರೋಗೆ ಹೋದವರು, 1887ರಲ್ಲಿ ಡಿ.ಎಸ್ಸಿ. ಪದವಿ ಪಡೆದು ಮರುವರ್ಷ ಕಲ್ಕತ್ತೆಗೆ ಮರಳಿದರು.

ಕೈಯಲ್ಲಿ ಅಷ್ಟು ದೊಡ್ಡ ಪದವಿ ಇದ್ದರೂ ಕೆಲಸವಿಲ್ಲ! ಶಿಕ್ಷಣ ಇಲಾಖೆಯ ಮೇಲ್ದರ್ಜೆಯ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಯುರೋಪಿಯನ್ನರಿಗೇ ಮೀಸಲು. ಸುಮಾರು ಒಂದು ವರ್ಷ ಕಾದರು. ಆ ದಿನಗಳಲ್ಲಿ ಅವರಿಗೆ ಆಸರೆಯಾದದ್ದು ಗೆಳೆಯ ಜಗದೀಶಚಂದ್ರ ಬೋಸ್ ಅವರ ಮನೆ. ಕೊನೆಗೆ 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. ತಿಂಗಳಿಗೆ 250 ರೂಪಾಯಿ. ಅನ್ಯಾಯವಾಗಿದೆ ಎಂದು ಇಲಾಖೆಯ ನಿರ್ದೇಶಕರಲ್ಲಿ ಹೇಳಿಕೊಂಡರೆ, ಈ ಕೆಲಸಕ್ಕೇ ಬರಬೇಕೆಂದು ಯಾರೂ ನಿಮ್ಮನ್ನು ಬಲವಂತ ಮಾಡಿಲ್ಲ, ಬೇರೆ ದಾರಿಗಳೂ ಇವೆ ಎಂಬ ಅರ್ಥದ ಉತ್ತರ ಬಂತು. ಅವಮಾನ ನುಂಗಿಕೊಂಡು ಸೇರಿದರು. ಇದನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನನಗೆ ಅವರ ಮೇಲೆ ಅಭಿಮಾನ ಹೆಚ್ಚಿದ್ದು ಮುಂದಿನ ಭಾಗ ಓದಿದ ಮೇಲೆ. ಡಿ.ಎಸ್ಸಿ. ಪಡೆದವರು ಮೇಲಿನ ತರಗತಿ ಕೇಳುವುದು ಸಹಜ. ರಾಯ್ ಮಾತ್ರ ಆಗತಾನೆ ಕಾಲೇಜಿಗೆ ಬಂದ ಹುಡುಗರ ಪಾಠವನ್ನೇ ಇಷ್ಟಪಟ್ಟು ತೆಗೆದುಕೊಳ್ಳುತ್ತಿದ್ದರು. ಹಸಿ ಮಣ್ಣಿಗೆ ಕುಂಬಾರ ಆಕಾರ ಕೊಡುವಂತೆ ಹೊಸ ಮನಸ್ಸುಗಳನ್ನು ತಿದ್ದಬಹುದು ಎಂಬುದು ಅವರ ನಂಬಿಕೆ. ಪ್ರಯೋಗ ಮಾಡಿ ತೋರಿಸುವುದು ತನಗೆ ಬರುತ್ತದೆ ಎಂಬ ಜಂಭವೂ ಇರಲಿಲ್ಲ. ಹಿರಿಯ ಪ್ರಾಧ್ಯಾಪಕ ಪೆಡ್ಲರ್ ಅವರ ಕೈಚಳಕವನ್ನು ನೋಡಿ ಕಲಿತರು. ಡೆಮಾನ್‌ಸ್ಟ್ರೇಟರ್ ಚಂದ್ರಭೂಷಣ ಭಾದುರಿ ಅವರ ನೆರವು ಪಡೆದರು. ತನಗಿಂತ ಕೆಳಗಿನ ಹುದ್ದೆಯವರಿಂದ ಕಲಿಯಲು ಎಷ್ಟು ಜನ ಒಪ್ಪುತ್ತಾರೆ?

ಒಮ್ಮೆ ತರಗತಿಯಲ್ಲಿ ಮೂಳೆ ಸುಟ್ಟು, ಆ ಬೂದಿಯನ್ನು ಬಾಯಿಗೇ ಹಾಕಿಕೊಂಡರಂತೆ. ಮಡಿವಂತ ಮನೆಗಳಿಂದ ಬಂದ ಹುಡುಗರು ದಂಗಾಗಿರಬೇಕು. ಈಗ ಇದು ಯಾವ ಪ್ರಾಣಿಯದೂ ಅಲ್ಲ, ಬರೀ ಕ್ಯಾಲ್ಸಿಯಂ ಫಾಸ್ಫೇಟ್ ಎಂದು ತೋರಿಸುವುದು ಅವರ ಉದ್ದೇಶ. (ನಮ್ಮ ಲ್ಯಾಬಿನಲ್ಲಿ ದಯವಿಟ್ಟು ಯಾರೂ ಏನನ್ನೂ ಬಾಯಿಗೆ ಹಾಕಿಕೊಳ್ಳಬೇಡಿ!)

ಆಗಿನ ಲ್ಯಾಬಿನಲ್ಲಿ ಗಾಳಿಯಾಡುತ್ತಿರಲಿಲ್ಲ, ಹೊಗೆ ತುಂಬಿಕೊಳ್ಳುತ್ತಿತ್ತು. ರಾಯ್ ಪ್ರಿನ್ಸಿಪಾಲರನ್ನೇ ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಅವರಿಗೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿದಂತಾಯಿತು. ಅರ್ಜಿಗಿಂತ ಇದು ಬೇಗ ಕೆಲಸ ಮಾಡಿತು ಎಂದು ನನಗನಿಸುತ್ತದೆ. 1894ರಲ್ಲಿ ಹೊಸ ಪ್ರಯೋಗಾಲಯ ಬಂತು. ಅವರಿಗೆ ಹೆಸರು ತಂದ ಮರ್ಕ್ಯುರಸ್ ನೈಟ್ರೈಟ್ ಸಂಶೋಧನೆ ಅದಾದ ಒಂದೆರಡು ವರ್ಷಗಳಲ್ಲೇ ಆಯಿತು.

ಆ 1894ರಲ್ಲೇ ಪ್ರೆಸಿಡೆನ್ಸಿಯಿಂದ ರಸಾಯನಶಾಸ್ತ್ರ, ಗಣಿತ, ಭೌತಶಾಸ್ತ್ರ ಮೂರರಲ್ಲೂ ಆನರ್ಸ್ ಪಡೆದ ಹುಡುಗನೊಬ್ಬ ಮುಂದೆ ಅವಿಭಜಿತ ಬಂಗಾಳದ ಪ್ರಧಾನಿಯಾದ. ಆತ ಎ.ಕೆ. ಫಜ್ಲುಲ್ ಹಕ್. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಕೂಡ ರಾಯ್ ಅವರ ವಿದ್ಯಾರ್ಥಿಗಳೇ. ಇನ್ನೊಬ್ಬ ಶಿಷ್ಯ ಜ್ಞಾನಚಂದ್ರ ಘೋಷ್ 1939ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು.

ಬೆಂಗಾಲ್ ಕೆಮಿಕಲ್ಸ್ ಕಂಪನಿ ಕಟ್ಟಿದ ಕಥೆಗೆ ಬೇರೆ ಲೇಖನವೇ ಬೇಕು. ಒಂದನ್ನು ಮಾತ್ರ ಹೇಳುತ್ತೇನೆ. ಫಾಸ್ಫೇಟ್ ತಯಾರಿಸಲು ರಾಜಾಬಜಾರಿನ ಕಟುಕರಿಂದ ಹಸಿ ಮೂಳೆ ತರಿಸಿ ಮಾಳಿಗೆಯಲ್ಲಿ ಒಣಹಾಕಿದರು. ಕಾಗೆಗಳು ಅವನ್ನು ಕಚ್ಚಿಕೊಂಡು ಹೋಗಿ ಅಕ್ಕಪಕ್ಕದ ಮನೆಗಳ ಮೇಲೆ ಬೀಳಿಸಿ ದೊಡ್ಡ ರಂಪವಾಯಿತು.

1916ರಲ್ಲಿ ಪ್ರೆಸಿಡೆನ್ಸಿ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿಗೆ ಪಾಲಿತ್ ಪ್ರಾಧ್ಯಾಪಕರಾಗಿ ಬಂದರು. ಅರವತ್ತು ತುಂಬಿದ ಮೇಲೆ, ಅಂದರೆ 1921ರಿಂದ, ತಮ್ಮ ಸಂಬಳವನ್ನೆಲ್ಲ ರಸಾಯನಶಾಸ್ತ್ರ ವಿಭಾಗಕ್ಕೇ ಬಿಟ್ಟುಕೊಟ್ಟರು. ಮದುವೆಯಾಗಲಿಲ್ಲ. ಕಾಲೇಜಿನ ಕಟ್ಟಡದಲ್ಲೇ ಒಂದು ಕೋಣೆ, ಒಂದು ಮಂಚ, ಪುಸ್ತಕಗಳು, ಸುತ್ತ ವಿದ್ಯಾರ್ಥಿಗಳು. 1922ರಲ್ಲಿ ಉತ್ತರ ಬಂಗಾಳದಲ್ಲಿ ನೆರೆ ಬಂದಾಗ ಪರಿಹಾರ ಕೆಲಸದ ಮುಂದಾಳತ್ವ ವಹಿಸಿದ್ದೂ ಈ ಬಡಕಲು ಮೇಷ್ಟ್ರೇ. 1944ರ ಜೂನ್ 16ರಂದು ತೀರಿಕೊಂಡರು.

ಸೋಮವಾರದ ಬ್ಯಾಚಿನವರಿಗೆ ಟೈಟ್ರೇಶನ್ ಇದೆ. ಬ್ಯೂರೆಟ್ ತೊಳೆಯುವುದನ್ನು ಇನ್ನೊಮ್ಮೆ ನಾನೇ ತೋರಿಸುತ್ತೇನೆ, ಹತ್ತು ನಿಮಿಷ ಮೊದಲೇ ಬನ್ನಿ.